ಮನೆಮಾತು ಮತ್ತು ಮಕ್ಕಳ ನಡತೆ

ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದೊಡನೆ, ಹೊಸದಾಗಿ ಸೇರಿದ ಮಕ್ಕಳ ತಂದೆತಾಯಿಗಳು ನಮ್ಮಂಥ ಅಧ್ಯಾಪಕರನ್ನು ಕಂಡು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: "ಮಗುವನ್ನು ನಿಮ್ಮ ಕೈಗೆ ಒಪ್ಪಿಸಿದ್ದೇವೆ. ವಿದ್ಯೆ ಎಷ್ಟು ಬರುವುದೋ ಅಷ್ಟು ಬರಲಿ, ಒಳ್ಳೆಯ ಬುದ್ಧಿ ಕಲಿಸಿರಿ." ಈ ಮಾತಿನ ಹಿಂದಿರುವ ವಿಶ್ವಾಸ ದೊಡ್ಡದು, ಅದನ್ನು ಕೇಳಿ ಹಿಗ್ಗದ ಅಧ್ಯಾಪಕನಿರಲಾರನು. ಆದರೆ ಮೂವತ್ತು ವರ್ಷಗಳ ಕಾಲ ಕನ್ನಡ ಪಾಠ ಹೇಳಿದ ಮೇಲೆ, ಈಗೀಗ ನನಗೆ ಹಿಗ್ಗಿಗಿಂತ ಅಳುಕೇ ಹೆಚ್ಚಾಗಿ ಉಂಟಾಗುತ್ತದೆ. ಒಪ್ಪಿಸುವ ಹೊತ್ತಿಗೆ ಮಗುವಿಗೆ ಐದಾರು ವರ್ಷ ತುಂಬಿರುತ್ತದೆ. ಪ್ರಸಾದ ನಿಲಯಕ್ಕೆ ಬರುವವರಿಗಾದರೆ ಹತ್ತು ಹನ್ನೊಂದು. ನಾವು ಮಾಡಬೇಕೆಂದು ಅವರು ಬಯಸುವ ಕೆಲಸದ ಬಹುಭಾಗವು ಅಷ್ಟರಲ್ಲಿಯೇ ಮನೆಯಲ್ಲಿ ಆಗಿಹೋಗಿರುತ್ತದೆ, ಅಥವಾ ಕೆಟ್ಟುಹೋಗಿರುತ್ತದೆ.

ಈ ಸ್ಮರಣ ಸಂಚಿಕೆಗಾಗಿ, ಮನೆಯಲ್ಲಿ ಮಕ್ಕಳಿಗೆ ಸದ್ಗುಣಗಳನ್ನು ಕಲಿಸುವ ವಿಷಯವಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ನಾನು ಶಿಕ್ಷಣ ಶಾಸ್ತ್ರಜ್ಞನಲ್ಲ, ಮನಶ್ಶಾಸ್ತ್ರವನ್ನು ಓದಿದವನಲ್ಲ, ವ್ಯಾಕರಣ ಛಂದಸ್ಸುಗಳನ್ನು ಹೇಳಿಕೊಡುವ ಪಂಡಿತ ಮಾತ್ರ ಎಂದು ನಿವೇದಿಸಿಕೊಂಡೆ. ಅವರು ಬಿಡಲಿಲ್ಲ. ಆಮೇಲೆ ಯೋಚಿಸಿ ನೋಡಿದಾಗ ವ್ಯಾಕರಣದ ಬಾಗಿಲಿನಿಂದಲೇ ಈ ವಿಷಯವನ್ನು ಪ್ರವೇಶಿಸಬಹುದೆಂದು ತೋರಿತು. ವಾಚಕ ಮಹಾಶಯರು ಸ್ವಲ್ಪ ಸೈರಣೆ ವಹಿಸಬೇಕು.

ನಾಲ್ಕು ವರ್ಷದ ಕನ್ನಡದ ಕೂಸು "ಅಣ್ಣ ಬಂದ, ಅಕ್ಕ ಬಂದಳು, ಕರು ಬಂತು" ಎಂದು ಲಿಂಗದಲ್ಲಿ ಒಂದಿಷ್ಟೂ ತಪ್ಪದೆ ನುಡಿಯುತ್ತದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನಾಗಲಿ, 1604ರಲ್ಲಿ ಭಟ್ಟಾಕಳಂಕದೇವನು ರಚಿಸಿದ ಶಬ್ದಾನುಶಾಸನವನ್ನಾಗಲಿ ಅದಕ್ಕೆ ಯಾರೂ ಪಾಠ ಹೇಳಿಲ್ಲ. "ಕರು ಬಂದಳು ಎನ್ನಬಾರದು" ಎಂದು ಯಾರೂ ಕಿವಿ ಹಿಂಡಿ ಹೇಳಿಲ್ಲ. ಸುತ್ತಲಿನವರು ಆಡಿದ್ದನ್ನು ಅದು ಕೇಳಿತು, ತಾನೂ ಆಡಿತು. ಆಡುತ್ತ ಆಡುತ್ತ ಸೂತ್ರವೆಲ್ಲ ಅದರ ನಾಲಗೆಯಲ್ಲಿ ತಾನಾಗಿಯೇ ನೆಲೆಸಿತು. ಅದೇ ಮಗು ಮಹಾಪ್ರಾಣವಿಲ್ಲದ ನುಡಿಯನ್ನೇ ಕೇಳಿ ಬೆಳೆದಿದ್ದರೆ, ಧನಕ್ಕೂ ದನಕ್ಕೂ ಇರುವ ಭೇದವನ್ನು ಅದಕ್ಕೆ ರೂಢಿಸಲು ನಾನು ಮೂರು ವರ್ಷ ಹೆಣಗಬೇಕಾಗುತ್ತದೆ. ತರಗತಿಯಲ್ಲಿ ಸರಿಯಾಗಿ ಉಚ್ಚರಿಸುತ್ತದೆ, ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತದೆ. ಗಂಟೆ ಹೊಡೆದು ಅಂಗಳಕ್ಕೆ ಓಡಿದೊಡನೆ ಧನವೆಲ್ಲ ಮತ್ತೆ ದನವಾಗುತ್ತದೆ. ಆಡುಮಾತು ದೋಷವೆಂದು ನಾನು ಹೇಳುತ್ತಿಲ್ಲ. ನಮ್ಮ ತಾಯಂದಿರ ಮಾತನ್ನು ಹಳಿಯುವಷ್ಟು ಪಾಂಡಿತ್ಯ ನನಗೆ ಬೇಡ. ಮನೆಯಲ್ಲಿ ಬಂದುದು ಎಷ್ಟು ಆಳಕ್ಕೆ ಇಳಿದಿರುತ್ತದೆ, ಶಾಲೆಯಲ್ಲಿ ಬಂದುದು ಎಷ್ಟು ಮೇಲೆಮೇಲೆ ಇರುತ್ತದೆ ಎಂಬುದಕ್ಕೆ ಇದನ್ನು ದೃಷ್ಟಾಂತವಾಗಿ ತೆಗೆದುಕೊಂಡೆನಷ್ಟೆ.

ಸದ್ಗುಣವೂ ಒಂದು ಮನೆಮಾತು. ಶಾಲೆಯು ಅದಕ್ಕೆ ವ್ಯಾಕರಣವನ್ನು ಒದಗಿಸಬಲ್ಲದು, ತಿದ್ದಬಲ್ಲದು, ಹೆಸರಿಡಬಲ್ಲದು. ಆದರೆ ಮೊದಲು ಮಾತೇ ಬಾರದವನಿಗೆ ವ್ಯಾಕರಣವನ್ನು ಹೇಳಿ ಪ್ರಯೋಜನವೇನು? ಶಬ್ದಗಳ ನಿಷ್ಪತ್ತಿಯೂ ಇದನ್ನೇ ಹೇಳುವಂತಿದೆ. 'ನಡತೆ' ಎಂಬುದು 'ನಡೆ' ಎಂಬ ಕನ್ನಡ ಧಾತುವಿನಿಂದ ಬಂದಿತು. ಸಂಸ್ಕೃತದ 'ಆಚಾರ', 'ಚಾರಿತ್ರ' ಎಂಬುವೂ 'ಚರ್' ಎಂಬ ಧಾತುವಿನಿಂದಲೇ ಹುಟ್ಟಿದುವು. ಅದರ ಅರ್ಥವೂ ನಡೆಯುವುದು, ಸಂಚರಿಸುವುದು. ಎರಡು ಬೇರೆ ಬೇರೆ ಕುಲದ ಭಾಷೆಗಳು ಗುಣವನ್ನು ಕುರಿತು ಹೇಳುವಾಗ ಕಾಲಿನ ಕೆಲಸವನ್ನೇ ನೆನೆದುವು, ನಾಲಗೆಯದನ್ನಲ್ಲ. ಉಪನ್ಯಾಸವನ್ನು ಕೇಳಿ ನಡೆಯಲು ಕಲಿತ ಮಗು ಎಲ್ಲಿಯಾದರೂ ಉಂಟೆ?

ಈ ಸಾಮ್ಯವು ಬರಿಯ ಉಪಮೆಯೆಂದು ಯಾರಾದರೂ ಭಾವಿಸಿಯಾರು. ಉಪಮೆಯಷ್ಟೇ ಅಲ್ಲ; ನಮ್ಮ ಕನ್ನಡದಲ್ಲಿ ವ್ಯಾಕರಣದ ಒಂದು ಭಾಗವೇ ನೇರವಾಗಿ ಶೀಲಕ್ಕೆ ಸೇರಿದುದಾಗಿದೆ. ಅದು ಏಕವಚನ ಬಹುವಚನಗಳ ವಿಷಯ. ಒಬ್ಬನೇ ವ್ಯಕ್ತಿಯನ್ನು ಕುರಿತು 'ಬಂದ' ಎನ್ನಬಹುದು, 'ಬಂದರು' ಎನ್ನಬಹುದು. 'ನೀನು' ಎನ್ನಬಹುದು, 'ನೀವು' ಎನ್ನಬಹುದು. ಯಾರಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ಮಗುವಿಗೆ ಕಲಿಸುವವರು ಯಾರು? ವ್ಯಾಕರಣ ಪುಸ್ತಕದಲ್ಲಿ 'ಗೌರವಾರ್ಥದಲ್ಲಿ ಬಹುವಚನ' ಎಂದು ಒಂದು ಪಂಕ್ತಿ ಇರುತ್ತದೆ, ಅಷ್ಟೆ. ಗೌರವ ಯಾರಿಗೆ ಎಂಬುದನ್ನು ಮಗುವು ಮನೆಯ ಜಗಲಿಯಲ್ಲಿ ಕಲಿಯುತ್ತದೆ. ಕಾರಿನಿಂದ ಇಳಿದ ಇಪ್ಪತ್ತೈದು ವರ್ಷದ ಯುವಕನಿಗೆ ತಂದೆಯು "ಬನ್ನಿ, ಕುಳಿತುಕೊಳ್ಳಿ" ಎನ್ನುತ್ತಾನೆ. ಅದೇ ಗಳಿಗೆಯಲ್ಲಿ ಹಿತ್ತಲ ಬಾಗಿಲಿಗೆ ಬಂದ, ತಲೆ ನರೆತ, ಮನೆಯ ಅಂಗಳವನ್ನು ಇಪ್ಪತ್ತು ವರ್ಷಗಳಿಂದ ಗುಡಿಸುತ್ತಿರುವ ಹೆಂಗಸಿಗೆ "ಏ, ಆಮೇಲೆ ಬಾ" ಎನ್ನುತ್ತಾನೆ. ನಡುಮನೆಯಲ್ಲಿ ಆಟವಾಡುತ್ತಿರುವ ಮಗುವು ಎರಡನ್ನೂ ಕೇಳುತ್ತದೆ. ಹಿರಿಯರನ್ನು ಗೌರವಿಸಬೇಕೆಂದು ಅದೇ ತಂದೆ ರಾತ್ರಿ ಊಟದ ಹೊತ್ತಿನಲ್ಲಿ ಎಷ್ಟು ವಿಸ್ತಾರವಾಗಿ ಬೋಧಿಸಿದರೂ, ಗೌರವವು ವಯಸ್ಸಿಗಲ್ಲ, ಕಾರಿಗೆ ಸಲ್ಲತಕ್ಕದ್ದು ಎಂಬ ಸೂತ್ರವು ಹಗಲಿನಲ್ಲಿಯೇ ಆ ಮಗುವಿಗೆ ಬಾಯಿಪಾಠವಾಗಿರುತ್ತದೆ. ಮರುವಾರ ಅದು ಆ ಮುದುಕಿಯನ್ನು ಏಕವಚನದಲ್ಲಿ ಕರೆದಾಗ ಮನೆಯವರು ನಗುತ್ತಾರೆ, ಮುದ್ದು ಮಾತೆಂದುಕೊಳ್ಳುತ್ತಾರೆ. ಅದು ಮುದ್ದಲ್ಲ, ಕಲಿತ ಪಾಠವನ್ನು ಒಪ್ಪಿಸಿದ್ದು.

12ನೆಯ ಶತಮಾನದ ಶರಣರು ಈ ವಿಷಯದಲ್ಲಿ ಮಾಡಿದ ಕೆಲಸವನ್ನು ನಾವು ನಿತ್ಯವೂ ಅವರ ಹೆಸರುಗಳನ್ನು ಉಚ್ಚರಿಸುತ್ತಿದ್ದರೂ ಗಮನಿಸುವುದಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಹೆಸರಿನ ಹಿಂದೆ ಕುಲಕಸುಬೋ ಕಾಯಕವೋ ಇದೆ, ಅದನ್ನು ಮುಚ್ಚಿಡಲಿಲ್ಲ. ಹೆಸರಿನ ಕೊನೆಗೆ 'ಅಯ್ಯ' ಇದೆ. ಅದನ್ನು ಯಾರಿಗೂ ತಪ್ಪಿಸಲಿಲ್ಲ. ನೂಲುವ ಕದಿರ ರೆಮ್ಮವ್ವೆಗೆ 'ಅವ್ವೆ' ಎಂಬ ಮರ್ಯಾದೆ, ಅಕ್ಕಿ ಆಯುವವನ ಮಡದಿ ಲಕ್ಕಮ್ಮನಿಗೆ 'ಅಮ್ಮ' ಎಂಬ ಮರ್ಯಾದೆ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವೆಂದರೇನೆಂದು ಮಕ್ಕಳಿಗೆ ಶ್ಲೋಕದಂತೆ ಉರು ಹಚ್ಚಿಸುವುದಕ್ಕಿಂತ, ತರಕಾರಿ ಮಾರುವಾಕೆಯನ್ನು 'ಅಮ್ಮ' ಎಂದೂ, ಕಸದ ಗಾಡಿಯವನನ್ನು 'ಅಣ್ಣ' ಎಂದೂ ಮನೆಯ ಯಜಮಾನನು ತಾನೇ ಕರೆದು ತೋರಿಸಿದರೆ ಅದು ಹೆಚ್ಚು ಸುಲಭವಾದ ವ್ಯಾಖ್ಯಾನವಾಗುತ್ತದೆ. ಇದಕ್ಕೆ ಹಣ ಖರ್ಚಾಗುವುದಿಲ್ಲ. ಆದರೂ ನಮ್ಮಲ್ಲಿ ಅನೇಕ ಸ್ಥಿತಿವಂತರ ಮನೆಗಳಲ್ಲಿ ಇದೇ ಅತ್ಯಂತ ದುಬಾರಿಯಾದ ವಸ್ತುವಾಗಿದೆ ಎಂದು ಹೇಳಿದರೆ ಯಾರೂ ಬೇಸರಿಸಬಾರದು.

ಮನಶ್ಶಾಸ್ತ್ರವನ್ನು ಬೋಧಿಸುವ ಮಿತ್ರರೊಬ್ಬರ ಮುಂದೆ ನಾನು ಈ ವಿಚಾರವನ್ನು ಹೇಳಿದಾಗ, ಅವರು ಅಮೆರಿಕೆಯಲ್ಲಿ ನಡೆದ ಒಂದು ಪ್ರಯೋಗವನ್ನು ವಿವರಿಸಿದರು. 1961ರಲ್ಲಿ ಪ್ರಕಟವಾದ ಅದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ ಎಂಬ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಡನೆ ನಡೆಸಿದ್ದರು. ಮೂರರಿಂದ ಆರು ವರ್ಷದೊಳಗಿನ 72 ಮಕ್ಕಳನ್ನು ಆರಿಸಿಕೊಂಡು, ಅವರಲ್ಲಿ ಕೆಲವರ ಎದುರಿಗೆ ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯೊಂದನ್ನು ಹೊಡೆದು ಬಡಿದು ಬೈದರು; ಇನ್ನು ಕೆಲವರ ಎದುರಿಗೆ ದೊಡ್ಡವರು ತಮ್ಮ ಪಾಡಿಗೆ ಶಾಂತರಾಗಿದ್ದರು. ಆಮೇಲೆ ಮಕ್ಕಳನ್ನು ಬೊಂಬೆಯಿದ್ದ ಕೋಣೆಯಲ್ಲಿ ಬಿಟ್ಟು ನೋಡಿದರು. ಹೊಡೆತವನ್ನು ಕಂಡ ಮಕ್ಕಳಲ್ಲಿ ಅನೇಕರು ಅದೇ ರೀತಿಯಲ್ಲಿ ಹೊಡೆದರು. ದೊಡ್ಡವರು ಆಡಿದ ಮಾತುಗಳನ್ನೇ ಆಡಿದರು. "ಹೀಗೆ ಮಾಡು" ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೈಯನ್ನು ಮಾತ್ರವಲ್ಲ, ನುಡಿಯನ್ನೂ ಎತ್ತಿಕೊಂಡರೆಂಬುದೇ ನನಗೆ ವಿಶೇಷವಾಗಿ ಕಂಡಿತು. 'ನಡೆನುಡಿ' ಎಂದು ನಮ್ಮವರು ಎರಡನ್ನೂ ಕೂಡಿಸಿ ಒಂದೇ ಸಮಾಸವನ್ನು ಮಾಡಿದ್ದು ಸುಮ್ಮನೆ ಅಲ್ಲ.

ಇನ್ನು ಕಾಯಕದ ವಿಷಯ. ವೇದಿಕೆಯ ಮೇಲೆ ಕಾಯಕವನ್ನು ಕುರಿತು ನಾವು ಆಡುವಷ್ಟು ಮಾತನ್ನು ಬೇರಾವುದನ್ನು ಕುರಿತೂ ಆಡುವುದಿಲ್ಲ. ಮನೆಯಲ್ಲಿಯಾದರೋ ಮಗುವಿನ ಕೈಗೆ ಒಂದು ಕೆಲಸವನ್ನೂ ಕೊಡುವುದಿಲ್ಲ. "ಓದಿಕೊಳ್ಳಲಿ ಬಿಡಿ, ಕೆಲಸ ಮಾಡುವುದು ಇದ್ದೇ ಇದೆ" ಎಂಬುದು ತಾಯಂದಿರ ಮಾತು. ಕೊಟ್ಟರೂ ಹೆಣ್ಣುಮಗುವಿನ ಕೈಗೆ ಪೊರಕೆ, ಗಂಡುಮಗುವಿನ ಕೈಗೆ ಕ್ರಿಕೆಟ್ ದಾಂಡು. ಪ್ರಸಾದ ನಿಲಯಕ್ಕೆ ಬಂದ ಮೊದಲ ವಾರದಲ್ಲಿ ತಾನು ಉಂಡ ತಟ್ಟೆಯನ್ನು ತಾನು ತೊಳೆಯಲು ಬಾರದೆ ಕಣ್ಣೀರಿಡುವ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೆ ಬಾರದಿದ್ದುದು ತಟ್ಟೆ ತೊಳೆಯುವುದಲ್ಲ. ಅದು ತನ್ನ ಕೆಲಸವೆಂಬ ಭಾವನೆ. ಆರು ವರ್ಷದ ಮಗುವು ಕುಡಿಯುವ ನೀರಿನ ಚೊಂಬುಗಳನ್ನು ತುಂಬಿಡಬಲ್ಲದು, ದೇವರ ಕೋಣೆಯ ಹೂವನ್ನು ಬಿಡಿಸಿ ತರಬಲ್ಲದು. ಒಂಬತ್ತು ವರ್ಷದ್ದು ಅಕ್ಕಿಯಲ್ಲಿ ಕಲ್ಲು ಆರಿಸಬಲ್ಲದು. ಮುಖ್ಯವಾದುದೇನೆಂದರೆ, ಅದು ಮಾಡದಿದ್ದ ದಿನ ಆ ಕೆಲಸವು ಮನೆಯಲ್ಲಿ ನಿಂತುಹೋಗಬೇಕು. ಮಗುವು ಹೂ ತರದ ದಿನ ತಾಯಿ ಗೊಣಗುತ್ತ ತಾನೇ ಹೋಗಿ ತಂದುಬಿಟ್ಟರೆ ಅದು ಕಾಯಕವಾಗದೆ ಆಟವಾಗುತ್ತದೆ. ಕೆಲಸಕ್ಕೆ ಐದು ರೂಪಾಯಿ, ಹತ್ತು ರೂಪಾಯಿ ಎಂದು ದರ ಕಟ್ಟುವ ಪದ್ಧತಿಯೂ ಕೆಲವು ಮನೆಗಳಲ್ಲಿ ಇದೆಯಂತೆ; ಅದು ನನಗೆ ಹಿಡಿಸದು. ಕೂಲಿ ಹೀನವಲ್ಲ, ಆದರೆ ತನ್ನ ಮನೆಯಲ್ಲಿ ತಾನು ಕೂಲಿಯವನೆಂದು ಮಗುವಿಗೆ ಅನ್ನಿಸಬಾರದು.

ಕಾಯಕದೊಡನೆ ಮಿತಿಯೂ ಕೂಡಿಕೊಂಡಿದೆ ಎಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗಕ್ಕಿಂತ ಒಳ್ಳೆಯ ಗೃಹಪಾಠವಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ನೋಡಿ, ಇದು ನಮಗೆ ಬೇಕಾದುದಕ್ಕಿಂತ ಹೆಚ್ಚು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಕದ್ದ ಅಕ್ಕಿಯಲ್ಲ, ಮೋಸದ ಅಕ್ಕಿಯೂ ಅಲ್ಲ, ದುಡಿದು ತಂದುದೇ. ಆದರೂ ಅದು ಮನೆಯೊಳಗೆ ಬರಲಿಲ್ಲ. ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ; ಹೇಳಿದ ಮರುದಿನವೇ ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗಾಗಿ ಅದೇ ಮಗುವಿನ ವಯಸ್ಸನ್ನು ಎರಡು ವರ್ಷ ಇಳಿಸಿ ಹೇಳುತ್ತೇವೆ. ತನ್ನ ವಯಸ್ಸೆಷ್ಟೆಂದು ಮಗುವಿಗೆ ಗೊತ್ತಿದೆ. ಕಂಡಕ್ಟರು ತಲೆ ಸವರಿ ಕೇಳಿದರೆ ಏನು ಹೇಳಬೇಕೋ ತಿಳಿಯದೆ ಅದು ತಾಯಿಯ ಮುಖವನ್ನು ನೋಡುತ್ತದೆ. ಆ ನೋಟವನ್ನು ಕಂಡವರಿಗೆ ಇನ್ನೇನೂ ವಿವರಿಸಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ, ಅಂಗಡಿಯವನು ಲೆಕ್ಕ ತಪ್ಪಿ ಹೆಚ್ಚಾಗಿ ಕೊಟ್ಟ ಹತ್ತು ರೂಪಾಯಿಯನ್ನು ಹಿಂದಿರುಗಿಸಲು, ಬಿಸಿಲಿನಲ್ಲಿ ಮಗುವಿನ ಕೈ ಹಿಡಿದು ಮತ್ತೆ ಅಷ್ಟು ದೂರ ನಡೆದ ತಂದೆಯು ಲಕ್ಕಮ್ಮನ ಕಥೆಯನ್ನು ಹೇಳದಿದ್ದರೂ ನಡೆಯುತ್ತದೆ.

ದಾಸೋಹದ ವಿಷಯದಲ್ಲಿ ಒಂದೇ ಮಾತು. ಸುಗ್ಗಿಯ ಕಾಲದಲ್ಲಿ ರೈತಾಪಿ ಮನೆಗಳಿಂದ ಮಠದ ಮಕ್ಕಳಿಗೆಂದು ಧಾನ್ಯ ಬರುವುದನ್ನು ದಾನಿಗಳಾದ ಓದುಗರು ಬಲ್ಲರು. ಆ ಚೀಲವನ್ನು ತುಂಬುವಾಗ ಮನೆಯ ಮಗುವಿನ ಕೈಯಿಂದಲೂ ನಾಲ್ಕು ಬೊಗಸೆ ಹಾಕಿಸಬೇಕು. ಜೊಳ್ಳನ್ನಲ್ಲ, ತಾವು ಉಣ್ಣುವ ಕಾಳನ್ನೇ. ಹರಿದ ಅಂಗಿಯನ್ನೂ ಚಕ್ರವಿಲ್ಲದ ಆಟಿಕೆಯನ್ನೂ ಮಗುವಿನ ಕೈಯಲ್ಲಿ ಬಡವರಿಗೆ ಕೊಡಿಸುವ ಪದ್ಧತಿಯಿಂದ ಮಗುವು ಕೊಡುವುದನ್ನು ಕಲಿಯುವುದಿಲ್ಲ, ಕೊಠಡಿ ಖಾಲಿ ಮಾಡುವುದನ್ನು ಕಲಿಯುತ್ತದೆ.

ಕಥೆಗಳ ಪ್ರಸ್ತಾಪ ಬಂದುದರಿಂದ, ನನ್ನ ವೃತ್ತಿಗೆ ಸೇರಿದ ವಿಷಯವಾದ ಕಾರಣ ಸ್ವಲ್ಪ ವಿಸ್ತರಿಸಲು ಅನುಮತಿ ಬೇಡುತ್ತೇನೆ. ಮಕ್ಕಳಿಗೆ ಸದ್ಗುಣ ಬರಲೆಂದು ತಂದೆತಾಯಿಗಳು ಮೊದಲು ಕೊಂಡುಕೊಡುವುದು ಪಂಚತಂತ್ರವನ್ನು. ಅದು ಮಹಾಗ್ರಂಥವೆಂಬುದರಲ್ಲಿ ಸಂದೇಹವಿಲ್ಲ. 11ನೆಯ ಶತಮಾನದಲ್ಲಿ ನಮ್ಮ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದನು. ಆದರೆ ಅದು ರಾಜಕುಮಾರರಿಗೆ ರಾಜನೀತಿಯನ್ನು ಕಲಿಸಲು ಹುಟ್ಟಿದ ಗ್ರಂಥ. ಕಾಗೆಯು ಅರಮನೆಯ ಸರವನ್ನು ಎತ್ತಿ ತಂದು ಹಾವಿನ ಬಿಲದಲ್ಲಿ ಹಾಕಿ ರಾಜಭಟರಿಂದ ಹಾವನ್ನು ಕೊಲ್ಲಿಸುವುದು ಜಾಣತನದ ಕಥೆ, ಸತ್ಯಸಂಧತೆಯದಲ್ಲ. ಶತ್ರುವನ್ನು ಹೇಗೆ ಗೆಲ್ಲಬೇಕು, ಮಿತ್ರರಲ್ಲಿ ಹೇಗೆ ಭೇದವುಂಟಾಗುತ್ತದೆ ಎಂಬುದನ್ನು ತಿಳಿಯಲು ಅದನ್ನು ಓದಲಿ; ಅದನ್ನು ಓದಿದ ಮಾತ್ರಕ್ಕೆ ಮಗುವು ಸಾಧುವಾಗುವುದೆಂದು ಕಾಯುತ್ತ ಕೂಡಬಾರದು.

ಗೋವಿನ ಹಾಡಿನ ಪರಿ ಬೇರೆ. ಪುಣ್ಯಕೋಟಿಯು ಕರುವಿಗೆ ಹಾಲುಣಿಸಿ, ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಹಿಂದಿರುಗಿ ಹೋಗುತ್ತದೆ. ಕೇಳುವ ಮಗುವಿಗೆ ಅಳು ಬರುತ್ತದೆ, ಬಂದೇ ಬರುತ್ತದೆ. ಆ ಗಳಿಗೆಯಲ್ಲಿ ಹಿರಿಯರು ಸುಮ್ಮನಿರಬೇಕು. "ನೋಡಿದೆಯಾ, ಇದರಿಂದ ನೀನು ಕಲಿಯಬೇಕಾದುದೇನು?" ಎಂದು ಕೇಳಿದರೆ ಅಳುತ್ತಿದ್ದ ಮಗುವು ಕಣ್ಣೊರೆಸಿಕೊಂಡು ವಿದ್ಯಾರ್ಥಿಯಾಗಿಬಿಡುತ್ತದೆ. ಪಠ್ಯಪುಸ್ತಕಗಳಲ್ಲಿ ಕಥೆಯ ಕೊನೆಗೆ 'ನೀತಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡುವ ಕ್ರಮವನ್ನು ನಾನು ಅನೇಕ ವರ್ಷ ಪಾಲಿಸಿ, ಈಗ ಬಿಟ್ಟಿದ್ದೇನೆ. ಪರೀಕ್ಷೆಗೆ ಅದು ಬೇಕು, ಮನೆಗೆ ಬೇಡ. ಒಮ್ಮೆ ಒಬ್ಬ ಹುಡುಗಿ, "ಕರುವನ್ನು ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟ ಬೇರೆ ಹಸುಗಳು ಕೊನೆಯವರೆಗೂ ನೋಡಿಕೊಳ್ಳುತ್ತಿದ್ದುವೇ?" ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬಂದುದಿಲ್ಲ. ನನಗೆ ಉತ್ತರವೂ ತೋಚಲಿಲ್ಲ.

ಕಥೆಯು ಮನಸ್ಸಿನಲ್ಲಿ ಹೇಗೆ ಕೆಲಸ ಮಾಡುತ್ತದೆ, ಮನೆಯು ಅದನ್ನು ಹೇಗೆ ಪೂರ್ಣಗೊಳಿಸುತ್ತದೆ ಎಂಬುದಕ್ಕೆ ಮಹಾತ್ಮಾ ಗಾಂಧಿಯವರ ಬಾಲ್ಯವು ಒಳ್ಳೆಯ ನಿದರ್ಶನ. 1925ರಿಂದ ಕಂತುಕಂತಾಗಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು ಬಾಲ್ಯದಲ್ಲಿ ಓದಿದ ಶ್ರವಣನ ಕಥೆಯನ್ನೂ, ನೋಡಿದ ಹರಿಶ್ಚಂದ್ರ ನಾಟಕವನ್ನೂ ನೆನೆದಿದ್ದಾರೆ. ನಮ್ಮ ರಾಘವಾಂಕನು ಮಹಾಕಾವ್ಯವನ್ನಾಗಿ ಮಾಡಿದ ಅದೇ ಹರಿಶ್ಚಂದ್ರ. ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ನಾಟಕವನ್ನು ನೋಡಿದ ಆ ಬಾಲಕನು ಆಮೇಲೆ ಕಳ್ಳತನ ಮಾಡಿದನೆಂಬುದನ್ನು ಮಕ್ಕಳ ಮುಂದೆ ಹೇಳಲು ನಾವು ಹಿಂಜರಿಯುತ್ತೇವೆ. ಅವರಿಗೆ ಸುಮಾರು 15 ವರ್ಷವಾಗಿದ್ದಾಗ, ಅಣ್ಣನ ಸುಮಾರು 25 ರೂಪಾಯಿ ಸಾಲವನ್ನು ತೀರಿಸಲು ಅವನ ತೋಳಿನ ಚಿನ್ನದ ಕಡಗದಿಂದ ಒಂದು ತುಣುಕನ್ನು ಕತ್ತರಿಸಿದರು. ಸಾಲ ತೀರಿತು, ಮನಸ್ಸಿನ ಭಾರ ತೀರಲಿಲ್ಲ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಚೀಟಿಯಲ್ಲಿ ತಪ್ಪೊಪ್ಪಿಗೆಯನ್ನು ಬರೆದು, ಶಿಕ್ಷೆಯನ್ನು ಬೇಡಿ, ಕಾಯಿಲೆಯಿಂದ ಮರದ ಹಲಗೆಯ ಮೇಲೆ ಮಲಗಿದ್ದ ತಂದೆ ಕರಮಚಂದರ ಕೈಗೆ ಕೊಟ್ಟು ಎದುರಿಗೆ ಕುಳಿತರು. ತಂದೆ ಎದ್ದು ಕುಳಿತು ಓದಿದರು. ಕಣ್ಣೀರು ಹರಿದು ಕಾಗದ ತೊಯ್ದಿತು. ಕ್ಷಣಕಾಲ ಕಣ್ಣು ಮುಚ್ಚಿದರು, ಚೀಟಿಯನ್ನು ಹರಿದು ಹಾಕಿದರು, ಮತ್ತೆ ಮಲಗಿದರು. ಅಷ್ಟೇ ನಡೆದುದು.

ಆ ದಿನ ತಂದೆಯು ಬೈದಿದ್ದರೆ, ಹೊಡೆದಿದ್ದರೆ, ಅಥವಾ "ಹೋಗಲಿ ಬಿಡು, ಚಿನ್ನ ನಮ್ಮ ಮನೆಯದೇ ತಾನೆ" ಎಂದು ನಕ್ಕುಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಈ ಮೂರನ್ನೂ ನಾವು ನಮ್ಮ ಮನೆಗಳಲ್ಲಿ ನಿತ್ಯವೂ ಮಾಡುತ್ತಿರುವುದನ್ನು ಬಲ್ಲೆವು. ಲೋಟ ಒಡೆದೆನೆಂದು ತಾನಾಗಿ ಬಂದು ಹೇಳಿದ ಮಗುವಿಗೂ, ಒಡೆದು ಬೆಕ್ಕಿನ ಮೇಲೆ ಹಾಕಿದ ಮಗುವಿಗೂ ಒಂದೇ ಏಟು ಬೀಳುವ ಮನೆಯಲ್ಲಿ, ಮುಂದಿನ ಸಲ ಎಲ್ಲ ಲೋಟಗಳನ್ನೂ ಬೆಕ್ಕೇ ಒಡೆಯುತ್ತದೆ. ನಿಜ ಹೇಳಿದ್ದಕ್ಕೆ ನಷ್ಟವೊಂದೇ ಫಲವೆಂದು ಕಂಡ ಮೇಲೆ ಮಗುವು ಲೆಕ್ಕ ಹಾಕಲು ಕಲಿಯುತ್ತದೆ. ಇಲ್ಲಿ ತಪ್ಪನ್ನು ಶಿಕ್ಷಿಸಬಾರದೆಂದು ನನ್ನ ವಾದವಲ್ಲ. ಚೂರುಗಳನ್ನು ಮಗುವೇ ಎಚ್ಚರದಿಂದ ಗುಡಿಸಲಿ. ಆದರೆ ಹೇಳಿದ್ದಕ್ಕೆ ಮರ್ಯಾದೆ ಮೊದಲು ಸಲ್ಲಲಿ, ಒಡೆದುದರ ವಿಚಾರಣೆ ಆಮೇಲೆ.

ಈ ಕಾಲದಲ್ಲಿ ಮಕ್ಕಳನ್ನು ಕೆಡಿಸುತ್ತಿರುವುದು ಮೊಬೈಲ್ ಫೋನು ಎಂದು ಪಾಲಕರ ಸಭೆಗಳಲ್ಲಿ ಕೇಳಿಬರುತ್ತದೆ. ಇದ್ದೀತು. ಆ ಸಭೆಯಲ್ಲಿ ಹಾಗೆ ಭಾಷಣ ಮಾಡುವವರ ಪಕ್ಕದಲ್ಲಿಯೇ ಕುಳಿತು ಮೂವರು ಫೋನು ನೋಡುತ್ತಿರುವುದನ್ನು ವೇದಿಕೆಯಿಂದ ನಾನು ಎಣಿಸಿದ್ದೇನೆ. ಎದುರಿಗೆ ಕುಳಿತು ಮಾತನಾಡುತ್ತಿರುವವರ ಮುಖವನ್ನು ನೋಡದಿರುವುದನ್ನೂ, ಮನೆಯಲ್ಲಿಯೇ ಕುಳಿತು "ದಾರಿಯಲ್ಲಿದ್ದೇನೆ" ಎನ್ನುವುದನ್ನೂ ಮಗುವು ಆ ಯಂತ್ರದಿಂದ ಕಲಿಯಲಿಲ್ಲ. ಹೆಚ್ಚು ಹೇಳುವುದಿಲ್ಲ, 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂಬ ಗಾದೆ ನನ್ನ ಮೇಲೆಯೇ ತಿರುಗಿಬಿದ್ದೀತು.

ತಿರುಗಿಬಿದ್ದ ಪ್ರಸಂಗವನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕವಾಗಲಾರದು. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮನೆಯಲ್ಲಿ ಕಾಯಿಲೆ ಕಸಾಲೆಗಳು ಒಂದರ ಮೇಲೊಂದು ಬಂದು, ದಿನಸಿ ಅಂಗಡಿಯ ಬಾಕಿ ಮೂರು ತಿಂಗಳು ನಿಂತಿತ್ತು. ಒಂದು ಭಾನುವಾರ ಬೆಳಿಗ್ಗೆ ಅಂಗಡಿಯ ಯಜಮಾನರು ಬರುತ್ತಿರುವುದನ್ನು ಕಿಟಕಿಯಿಂದ ಕಂಡೆ. ಏಳು ವರ್ಷದ ಮಗನನ್ನು ಕರೆದು, "ಅಪ್ಪ ಊರಿಗೆ ಹೋಗಿದ್ದಾರೆ ಎಂದು ಹೇಳು" ಎಂದು ಕಳುಹಿಸಿ ಬಾಗಿಲ ಮರೆಯಲ್ಲಿ ನಿಂತೆ. ಹಿಂದಿನ ದಿನವಷ್ಟೇ ತರಗತಿಯಲ್ಲಿ ರಾಘವಾಂಕನನ್ನು ಪಾಠ ಮಾಡಿ ಬಂದಿದ್ದೆ. ಹುಡುಗ ಹೊರಗೆ ಹೋಗಿ ನಿಂತು, ಸ್ವಲ್ಪ ಹೊತ್ತು ತಡವರಿಸಿ, "ಅಪ್ಪ ಊರಿಗೆ ಹೋಗಿದ್ದಾರಂತೆ" ಎಂದ.

'ಅಂತೆ' ಎಂಬುದನ್ನು ನಮ್ಮ ಭಾಷೆಯಲ್ಲಿ ಎಲ್ಲಿ ಪ್ರಯೋಗಿಸುತ್ತೇವೆಂಬುದು ಎಲ್ಲರಿಗೂ ಗೊತ್ತು. ತಾನು ಕಣ್ಣಾರೆ ಕಂಡುದಕ್ಕೆ ಅದನ್ನು ಹಚ್ಚುವುದಿಲ್ಲ. ಇನ್ನೊಬ್ಬರು ಹೇಳಿದ್ದನ್ನು ಕೇಳಿ ಹೇಳುವಾಗ, ಆ ಮಾತಿನ ಹೊಣೆ ನನ್ನದಲ್ಲವೆಂಬ ಅರ್ಥದಲ್ಲಿ ಹಚ್ಚುತ್ತೇವೆ. ಸುಳ್ಳು ಹೇಳಲು ಬಾರದ ಮಗುವು ಎರಡಕ್ಷರದ ಆ ಪ್ರತ್ಯಯದಲ್ಲಿ ತನ್ನ ಸತ್ಯವನ್ನು ಉಳಿಸಿಕೊಂಡಿತ್ತು. ಯಜಮಾನರು ಅವನ ಮುಖವನ್ನು ನೋಡಿದರು, ಬಾಗಿಲ ಕಡೆಗೆ ಒಮ್ಮೆ ನೋಡಿದರು, "ಆಗಲಪ್ಪ" ಎಂದು ಹೇಳಿ ಹೊರಟುಹೋದರು. ನಾನು ಅದನ್ನು ಹೆಂಡತಿಗೆ ನಗುತ್ತಲೇ ಹೇಳಿದೆ. ಆ ನಗುವೂ ಹುಡುಗನ ಕಿವಿಗೆ ಬಿದ್ದಿರಬೇಕು.

ಐದಾರು ತಿಂಗಳು ಕಳೆದ ಮೇಲೆ, ಲೆಕ್ಕದ ಪಾಠಕ್ಕೆ ಹೋಗಿದ್ದೆಯಾ ಎಂದು ಒಂದು ಸಂಜೆ ಅವನನ್ನು ಕೇಳಿದೆ. "ಹೋಗಿದ್ದೆ" ಎಂದ. ಹೋಗಿರಲಿಲ್ಲ, ಅವನು ಕೆರೆಯ ಏರಿಯ ಮೇಲೆ ಆಡುತ್ತಿದ್ದುದನ್ನು ನಾನೇ ಕಂಡು ಬಂದಿದ್ದೆ. ನನಗೆ ನೋವಾದುದು ಅವನು ಆಡಿದ್ದಕ್ಕಲ್ಲ. ಆ ಉತ್ತರದಲ್ಲಿ ತಡವರಿಕೆಯಿರಲಿಲ್ಲ, 'ಅಂತೆ' ಇರಲಿಲ್ಲ, ಮಾತು ಶುದ್ಧವಾಗಿತ್ತು. ಹೊಡೆಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದೆ. ಆ ಪಾಠವನ್ನು ಹೇಳಿಕೊಟ್ಟ ಅಧ್ಯಾಪಕನು ನಾನೇ ಆಗಿದ್ದೆ.

ಮರುದಿನ ಸಂಬಳದ ದಿನವಾಗಿತ್ತು. ಹಳೆಯ ಬಾಕಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಹುಡುಗನನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಹಣವನ್ನು ಎಣಿಸಿಕೊಟ್ಟು, "ಯಜಮಾನರೇ, ಆ ಭಾನುವಾರ ನಾನು ಮನೆಯಲ್ಲಿಯೇ ಇದ್ದೆ. ಇವನ ಬಾಯಿಂದ ಸುಳ್ಳು ಹೇಳಿಸಿದೆ" ಎಂದೆ. ಆಗ ನನ್ನ ಕಿವಿಗಳು ಕೆಂಪಾಗಿದ್ದುವೆಂದು ಮಗ ಈಗಲೂ ಹೇಳುತ್ತಾನೆ. ಯಜಮಾನರು ಪುಸ್ತಕದಲ್ಲಿ ಲೆಕ್ಕವನ್ನು ಹೊಡೆದುಹಾಕಿ, ಡಬ್ಬಿಯಿಂದ ಒಂದು ಬೆಲ್ಲದ ಚೂರನ್ನು ತೆಗೆದು ಅವನ ಕೈಗಿಟ್ಟು, "ನಿಮ್ಮ ಹುಡುಗ ಅವತ್ತೇ ಹೇಳಿದ್ದ, ಪಂಡಿತರೇ" ಎಂದರು.